ಮೌಶಿ ಬರೆದ ಕೊನೆಯ ಅಧ್ಯಾಯ

ಕುರಿತೊಗಲಿನ ಆ ಕೋಟು ಮಳೆಯಲ್ಲಿ ನೆನೆದರೆ ಲಿಫ್ಟಿನ ತುಂಬ ಕುರಿಹಟ್ಟಿಯ ವಾಸನೆ. ತೋಳಿನ ತುದಿಯಲ್ಲಿ ಉಣ್ಣೆ ಉದುರಿ ಬೋಳಾಗಿತ್ತು. ಎದೆಯ ಮೇಲೆ ಹಳದಿ ರೇಷ್ಮೆಯಲ್ಲಿ ಕಸೂತಿ ಹಾಕಿದ ಬಳ್ಳಿಗಳು ಎಳೆ ಬಿಟ್ಟಿದ್ದವು. ಕೋಟಿನ ಕೆಳಗೆ ಇಳಕಲ್ ಸೀರೆ, ಸೀರೆಯ ಕೆಳಗೆ ಗಂಡಸರ ಕಪ್ಪು ಬೂಟು. ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿದ್ದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಜನ ಮೌಶಿಯನ್ನು ಕಂಡರೆ ಗೋಡೆಗೆ ಸರಿಯುತ್ತಿದ್ದರು. ಅದು ಗೊತ್ತಿದ್ದೇ ಅವರು ನಟ್ಟನಡುವೆ ನಿಲ್ಲುತ್ತಿದ್ದರು.

ನಾನು ಮದುವೆಯಾಗಿ ಮೈಸೂರಿನಿಂದ ಅಲ್ಲಿಗೆ ಹೋಗಿ ಎರಡು ಮೂರು ವರ್ಷವಾಗಿತ್ತು. ತೊಂಬತ್ತರ ದಶಕದ ನಡುಭಾಗ. ಒಂದು ದಿನ ಲಿಫ್ಟಿನಲ್ಲಿ ಹಟ ಮಾಡುತ್ತಿದ್ದ ಮಗಳನ್ನು ಕನ್ನಡದಲ್ಲಿ ಗದರುತ್ತಿದ್ದೆ. ಕೋಟಿನೊಳಗಿಂದ ದನಿ ಬಂತು:

"ನಿಮ್ಮ ಮೈಸೂರ ಕಡೆಯವರು ಬೈದರೂ ಹಾಡಿಧಾಂಗ ಕೇಳಸ್ತದ. ಮಕ್ಕಳು ಹ್ಯಾಂಗ ಅಂಜಬೇಕು?"

ನಾನು ಬೆಪ್ಪಾಗಿ "ಆಂಟಿ, ನೀವು ಕನ್ನಡದವರಾ?" ಎಂದೆ.

"ಆಂಟಿ ಅನಬ್ಯಾಡ. ಮೌಶಿ ಅನ್ನು. ನಮ್ಮ ಧಾರವಾಡದಾಗ ಅವ್ವನ ತಂಗೀಗೆ ಹಂಗ ಅಂತಾರ."

ಅಂದಿನಿಂದ ಅವರು ನನಗೆ ಮೌಶಿಯೇ. ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಅವರ ಯಜಮಾನರು ನೀರಾವರಿ ಎಂಜಿನಿಯರ್; ಕೆಲಸದ ಬೆನ್ನು ಹತ್ತಿ ಗಂಡಹೆಂಡತಿ ಢಾಕಾ, ಕಾಬೂಲ್, ಟೆಹರಾನ್ ಎಂದು ಸುತ್ತಿದ್ದರು. ಆ ಕೋಟು ಕಾಬೂಲಿನದು. ಅವರು ಹೋದಲ್ಲೆಲ್ಲ ಸರ್ಕಾರ ಬೀಳುತ್ತಿತ್ತು. "ನಾವು ಬಂದ್ರಂದ್ರ ರಾಜರು ಗಂಟುಮೂಟಿ ಕಟ್ಟತಿದ್ದರು" ಎಂದು ಮೌಶಿ ನಗದೆ ಹೇಳುತ್ತಿದ್ದರು. ಯಜಮಾನರು ಲಂಡನ್ನಿಗೆ ಬಂದ ಮೇಲೆ ತೀರಿಕೊಂಡರು. ಮಕ್ಕಳಿರಲಿಲ್ಲ.

ಟೀವಿಯಲ್ಲಿ ಸುದ್ದಿ ಬಂದರೆ ಮೌಶಿ ದನಿ ಪೂರ್ತಿ ಇಳಿಸಿ ನೋಡುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಮುಂದ ನಿಂತು ಮಾತಾಡಾಂವನ್ನ ಏನು ನೋಡ್ತಿ? ಹಿಂದ ನಿಂತವರ ಕೈ ನೋಡು. ಹೆದರಿದವರು ಕೈ ಎಲ್ಲಿ ಇಟ್ಕೋಬೇಕು ತಿಳೀದ ಒದ್ದಾಡ್ತಾರ" ಎಂದರು. ಏಲಕ್ಕಿ ಹಾಕಿದ ಹಸಿರು ಚಹಾ ಕುಡಿಯುತ್ತಿದ್ದರು. ಟೂಟಿಂಗಿನ ಇಂಡಿಯನ್ ಅಂಗಡಿಗಳಿಂದ ಜೋಳದ ಹಿಟ್ಟು ತಂದು ಎಲೆಕ್ಟ್ರಿಕ್ ಒಲೆಯ ಮೇಲೆ ರೊಟ್ಟಿ ಸುಡುತ್ತಿದ್ದರು. ಅದು ಹಪ್ಪಳಕ್ಕಿಂತ ಗಟ್ಟಿಯಾಗುತ್ತಿತ್ತು.

ಮೌಶಿ ಬರೆಯುತ್ತಿದ್ದರು. ಹಳೆಯ ದಿನಗಳಲ್ಲಿ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಆ ಊರುಗಳ ಮೇಲೆ ಕನ್ನಡದಲ್ಲಿ ಲೇಖನ ಬರೆದಿದ್ದರು. ನಾನು ಅವರನ್ನು ಕಾಣುವ ಹೊತ್ತಿಗೆ ಕಾಬೂಲಿನ ಮೇಲೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಮುಗಿದಿತ್ತು. ನನಗೆ ಕೌನ್ಸಿಲ್ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಶನಿವಾರಗಳಂದು ಅವರ ಹಸ್ತಪ್ರತಿಯನ್ನು ಕಂಪ್ಯೂಟರಿಗೆ ಹಾಕಿಕೊಟ್ಟೆ. ಕನ್ನಡದಲ್ಲಿ ನಾನೂ ಏನಾದರೂ ಬರೆಯಬಹುದೆಂದು ಮೊದಲು ಅನ್ನಿಸಿದ್ದು ಆ ಶನಿವಾರಗಳಲ್ಲೇ.

ಪ್ರಕಾಶಕರು ಯಾರೂ ಅದನ್ನು ಮುಟ್ಟಲಿಲ್ಲ. ಬರವಣಿಗೆ ಚೆನ್ನಾಗಿದೆ, ಆದರೆ ಆ ದೇಶದ ಬಗ್ಗೆ ಇಲ್ಲಿ ಯಾರಿಗೂ ಆಸಕ್ತಿಯಿಲ್ಲ ಎನ್ನುತ್ತಿದ್ದರು. ಒಬ್ಬರು, ನಿಮ್ಮ ಅಜ್ಜಿಯ ಅಡುಗೆಮನೆಯ ಬಗ್ಗೆ ಯಾಕೆ ಬರೆಯಬಾರದು ಎಂದು ಕೇಳಿದ್ದರು.

"ನಮ್ಮಜ್ಜಿ ಅಡಗಿ ಬಾಯಾಗ ಇಡಲಿಕ್ಕೆ ಆಗತಿದ್ದಿಲ್ಲ" ಎಂದರು ಮೌಶಿ. "ಅದನ್ನ ಬರದ್ರ ಕೊಂಡುಕೋತಾರೇನು ಕೇಳಬೇಕು."

ಆ ಪುಸ್ತಕದ ಜೀವ ಅವರ ಗೆಳತಿ. ಕಾಬೂಲಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮೌಶಿ ಇಂಗ್ಲಿಷ್ ಕಲಿಸುತ್ತಿದ್ದರು, ಆಕೆ ಭೂಗೋಳ. ಮೊಣಕಾಲಿನವರೆಗೆ ಸ್ಕರ್ಟ್ ತೊಟ್ಟು, ನಕ್ಷೆಗಳನ್ನಿಡುವ ಕೋಣೆಯಲ್ಲಿ ಕದ್ದು ಸಿಗರೇಟು ಸೇದುತ್ತಿದ್ದ ಹೆಂಗಸು. ಮುಂದಿನ ಹಲ್ಲು ಮುರಿದಿದ್ದರಿಂದ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ರಜೆಯ ದಿನ ಇಬ್ಬರೂ ಆಕೆಯ ಪುಟ್ಟ ಮಗಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ಬೆಟ್ಟದ ತೋಟಗಳಿಗೆ ಹೋಗುತ್ತಿದ್ದರು. ಎಪ್ಪತ್ತರ ದಶಕದ ಕೊನೆಗೆ ಅಲ್ಲಿಯ ಸರ್ಕಾರ ಉರುಳಿತು. ಒಂದು ಸಂಜೆ ಗೆಳತಿಯ ಗಂಡನನ್ನು ಜೀಪಿನಲ್ಲಿ ಕರೆದೊಯ್ದರು, ಆತ ಮರಳಲಿಲ್ಲ. ಮೌಶಿಗೂ ಯಜಮಾನರಿಗೂ ವಿಮಾನ ಸಿಕ್ಕಿತು. ಹೊರಡುವ ಬೆಳಿಗ್ಗೆ ಗೆಳತಿ ಗೇಟಿನ ಹತ್ತಿರ ಬಂದು ಒಣಗಿಸಿದ ಹಿಪ್ಪುನೇರಳೆ ಹಣ್ಣಿನ ಚೀಲವೊಂದನ್ನು ಕೈಗಿಟ್ಟು ಹೋದಳು. ಮುಂದೆ ಮೌಶಿ ಬರೆದ ಯಾವ ಕಾಗದಕ್ಕೂ ಉತ್ತರ ಬರಲಿಲ್ಲ. ಪುಸ್ತಕ ಅಲ್ಲಿಗೆ ಮುಗಿಯುತ್ತಿತ್ತು: ಆಕೆ ಏನಾದಳೋ ನನಗೆ ಗೊತ್ತಿಲ್ಲ, ಎಂದು.

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಅಮೆರಿಕದ ಆ ಗೋಪುರಗಳು ಬಿದ್ದವು. ಚಳಿಗಾಲ ಹಿಡಿಯುವುದರೊಳಗೆ ಕಾಬೂಲ್ ಎಲ್ಲರ ಬಾಯಲ್ಲಿತ್ತು. ಹಿಂದೆ ಬೇಡವೆಂದಿದ್ದ ಪ್ರಕಾಶನದವರೇ ಫೋನು ಮಾಡಿದರು. ಮೌಶಿ ನನ್ನನ್ನೂ ಜೊತೆಗೆ ಕರೆದರು.

ಸಂಪಾದಕ ಚಿಕ್ಕ ವಯಸ್ಸಿನವನು, ತುಂಬ ವಿನಯ. ಪುಸ್ತಕವನ್ನು ನಿಜಕ್ಕೂ ಓದಿದ್ದ. ಮಾತಾಡುತ್ತ, "ಒಂದೇ ತೊಂದರೆ" ಎಂದ. "ಕೊನೆಗೆ ಓದುಗರ ಕೈಗೆ ಏನೂ ಸಿಗುವುದಿಲ್ಲ. ಆಕೆಗೆ ಏನಾಯಿತು?"

"ಗೊತ್ತಿಲ್ಲ" ಎಂದರು ಮೌಶಿ.

"ಊಹೆಯಾದರೂ ಇರಬೇಕಲ್ಲ. ಇಷ್ಟು ವರ್ಷದ ಯುದ್ಧದಲ್ಲಿ ಅಂಥ ಹೆಂಗಸು ಬದುಕಿ ಉಳಿದಿರುವುದು ಸಾಧ್ಯವೇ?"

ಮೌಶಿ ಹಸ್ತಪ್ರತಿಯನ್ನು ತಮ್ಮ ಕಡೆ ಎಳೆದುಕೊಂಡರು. ಅವನು ಮೆಲ್ಲಗೆ ಹೇಳಿದ, "ಇದನ್ನು ಕಾದಂಬರಿ ಅಂತ ಕರೆಯೋಣ. ಆಗ ಸುಳ್ಳು ಹೇಳಿದ ಹಾಗಾಗುವುದಿಲ್ಲ."

ಲಂಡನ್ ಬ್ರಿಜ್‌ನಿಂದ ರೈಲಿನಲ್ಲಿ ಮರಳುವಾಗ ಅವರು ಕಿಟಕಿಯ ಆಚೆಯೇ ನೋಡುತ್ತ ಕೂತಿದ್ದರು. ಕ್ರೋಯ್ಡನ್ ಬಂದಾಗ, "ಇಪ್ಪತ್ತು ವರ್ಷ ಯಾರೂ ಕೇಳಲಿಲ್ಲ ನೋಡು" ಎಂದರು, ಅಷ್ಟೇ.

ಕ್ರಿಸ್‌ಮಸ್ ಕಳೆದ ಮೇಲೆ ಹೊಸ ಕೊನೆಯ ಅಧ್ಯಾಯ ಕೊಟ್ಟರು. ಅದರಲ್ಲಿ ಗೆಳತಿಯನ್ನು ಅವಳ ಶಾಲೆಯ ಅಂಗಳದಲ್ಲಿ, ಮಕ್ಕಳೆದುರಿಗೆ, ಗುಂಡಿಟ್ಟು ಕೊಲ್ಲುತ್ತಾರೆ. ಟೈಪು ಮಾಡುತ್ತಿದ್ದ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಅವರು ಬರೆದದ್ದರಲ್ಲೆಲ್ಲ ಅದೇ ಅತ್ಯುತ್ತಮ ಪುಟ.

"ಇದು ನಿಜವಾ ಮೌಶಿ?"

"ಮ್ಯಾಲೆ ಕಾದಂಬರಿ ಅಂತ ಹಾಕ್ತಾರಲ್ಲ" ಎಂದು ಒಳಗೆ ಹೋಗಿ ಚಹಾಕ್ಕಿಟ್ಟರು.

ಪುಸ್ತಕ ಬಂತು. ಮುಖಪುಟದಲ್ಲಿ ನೀಲಿ ಬುರ್ಖಾ ತೊಟ್ಟ ಹೆಂಗಸು, ಒಳಗೆ ತಲೆಗೆ ಎಂದೂ ಬಟ್ಟೆ ಹಾಕದವಳ ಕಥೆ. ಪತ್ರಿಕೆಗಳು ಹೊಗಳಿದವು. ಮೌಶಿಯನ್ನು ಊರೂರಿಗೆ ಓದಲು ಕರೆದರು. ಎಲ್ಲರೂ ಕೇಳುತ್ತಿದ್ದದ್ದು ಆ ಕೊನೆಯ ಅಧ್ಯಾಯವನ್ನೇ. ಅವರು ಓದುತ್ತಿದ್ದರು, ಜನ ಅಳುತ್ತಿದ್ದರು. ಆ ಒಂದು ವರ್ಷ ಮೌಶಿ ಖುಷಿಯಾಗಿದ್ದರು ಎಂದು ಹೇಳಲೇಬೇಕು. ಹೊಸ ಬೂಟು ಕೊಂಡರು.

ಮರುವರ್ಷ ನಮ್ಮ ಕ್ರೋಯ್ಡನ್ನಿನ ಲೈಬ್ರರಿಯಲ್ಲೇ ಮೌಶಿಯ ಓದಿನ ಸಭೆ ಏರ್ಪಾಡಾಯಿತು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಮೂವತ್ತು ದಾಟಿದ ಹೆಂಗಸೊಬ್ಬಳು ಎದ್ದು ನಿಂತಳು. ಕೈಯಲ್ಲಿ ಪುಸ್ತಕವಿತ್ತು. ಏರಿಳಿತವಿಲ್ಲದ ದನಿಯಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ ಮಾತಾಡಿದಳು.

"ಮುರಿದ ಹಲ್ಲು, ನಕ್ಷೆಯ ಕೋಣೆ, ಬಸ್ಸು, ಎಲ್ಲ ಸರಿಯಾಗಿ ಬರೆದಿದ್ದೀರಿ. ನನ್ನ ಹೆಸರನ್ನೂ ಬದಲಾಯಿಸಿಲ್ಲ. ನನ್ನ ತಾಯಿ ಪೇಶಾವರದಲ್ಲಿದ್ದಾಳೆ. ಮಂಡಿನೋವಿದೆ, ಅದು ಬಿಟ್ಟರೆ ಚೆನ್ನಾಗಿದ್ದಾಳೆ."

ಸಭೆಯಲ್ಲಿ ಯಾರೋ ಸಂತೋಷದಿಂದ ಚಪ್ಪಾಳೆ ತಟ್ಟಿ, ಉಳಿದವರು ತಟ್ಟದಿರುವುದು ಕಂಡು ನಿಲ್ಲಿಸಿದರು.

"ಫೋನು ಮಾಡಿದಾಗಲೆಲ್ಲ ಕೇಳುತ್ತಾಳೆ, ಆ ಇಂಡಿಯಾದ ಟೀಚರ್ ಸಿಕ್ಕಳೇ ಅಂತ. ಈಗ ಸಿಕ್ಕಿದ್ದೀರಿ. ಏನು ಹೇಳಲಿ?"

ಮೌಶಿ ಮೇಜು ಹಿಡಿದುಕೊಂಡು ಎದ್ದರು. ಅವರ ಬಾಯಿಂದ ಬಂದದ್ದು ಒಂದೇ ಮಾತು: "ಅವಳ ಫೋನ್ ನಂಬರು ಕೊಡು."

"ಕೊಡೋದಿಲ್ಲ" ಎಂದಳು ಆಕೆ. "ನಿಮ್ಮ ಪಾಲಿಗೆ ಅವಳು ಸತ್ತಿದ್ದಾಳಲ್ಲ. ಇಷ್ಟು ಜನರ ಮುಂದೆ ಈಗಷ್ಟೇ ಓದಿದಿರಿ." ಪುಸ್ತಕವನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದಳು. ನಾನು ಓಡಿ ಹೋಗುವಷ್ಟರಲ್ಲಿ ಬೀದಿಯಲ್ಲಿ ಕಾಣಲಿಲ್ಲ.

ಮೌಶಿ ಸಂಪಾದಕನಿಗೆ ಫೋನು ಮಾಡಿ, ಮುಂದಿನ ಮುದ್ರಣದಲ್ಲಿ ಹಳೆಯ ಕೊನೆ ಹಾಕಿರೆಂದು ಕೇಳಿದರು. ಅವನು ಬಹಳ ನೊಂದುಕೊಂಡ. ಆದರೆ ಜನ ಓದುತ್ತಿರುವುದೇ ಆ ಅಧ್ಯಾಯಕ್ಕಾಗಿ, ಅಲ್ಲದೆ ಇದು ಕಾದಂಬರಿ ತಾನೇ ಎಂದ. ಮೌಶಿ ಸಭೆಗಳಿಗೆ ಓದಲು ಹೋಗುವುದನ್ನು ನಿಲ್ಲಿಸಿದರು. ಮಾರ್ಕೆಟ್ಟಿನ ಅಫ್ಘನ್ ಅಂಗಡಿಗಳಲ್ಲಿ ಆ ಮಗಳನ್ನು ವಿಚಾರಿಸುತ್ತ ತಿರುಗಿದರು. ನಾನೂ ಜೊತೆಗೆ ಹೋಗುತ್ತಿದ್ದೆ. ಅಂಗಡಿಯವರಿಗೆ ಇವರು ಯಾರೆಂದು ಗೊತ್ತಾಗಿತ್ತು. ದ್ರಾಕ್ಷಿ, ಬಾದಾಮಿ ತೂಗಿ ಕೊಡುತ್ತಿದ್ದರು, ವಿಳಾಸ ಕೊಡುತ್ತಿರಲಿಲ್ಲ.

ನಡೆದದ್ದನ್ನು ಕನ್ನಡದಲ್ಲಾದರೂ ಬರೆಯಿರಿ, ಹುಬ್ಬಳ್ಳಿಯ ಪತ್ರಿಕೆಗೆ ಕಳಿಸೋಣ ಎಂದು ಒಮ್ಮೆ ಹೇಳಿದೆ.

"ಇಂಗ್ಲಿಷಿನ್ಯಾಗ ಕೊಂದೀನಿ" ಎಂದರು. "ಕನ್ನಡದಾಗ ಬದುಕಿಸಿದ್ರ ಯಾರಿಗೆ ತಿಳೀತದ?"

ಆಮೇಲೆ ನನ್ನನ್ನು ನೋಡದೆ, "ಆಕಿ ಬದುಕಿರಬಹುದು ಅಂತ ನನಗ ಅನಸಲೇ ಇಲ್ಲ ಅಂತಲ್ಲ. ಬರೀವಾಗ ಅನಸ್ತಿತ್ತು. ಆದರ ಪುಟ ಛಂದ ಬರ್ಲಿಕ್ಹತ್ತಿತ್ತು" ಎಂದರು.

ಆಮೇಲೆ ಅವರು ಬರೆಯಲಿಲ್ಲ. ನಾನು ಬರೆಯತೊಡಗಿದೆ. ಒಬ್ಬ ಮನುಷ್ಯನ ಬಗ್ಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದು ನಿಲ್ಲಿಸುವ ಹಠವನ್ನು ನಾನು ಕಲಿತದ್ದು, ಅದನ್ನು ಬಿಟ್ಟುಕೊಟ್ಟ ಮೌಶಿಯಿಂದ. ಋಣ ಎಂದರೆ ಅದೇ.

ಅವರು ತೀರಿಕೊಂಡದ್ದು ಕೆಲವು ವರ್ಷಗಳ ನಂತರ, ಒಂದು ಮಾರ್ಚ್ ತಿಂಗಳಲ್ಲಿ, ಆಸ್ಪತ್ರೆಯಲ್ಲಿ. ಕಾಬೂಲಿನ ಮೂಕ ಹೆಂಗಸರಿಗೆ ದನಿಯಾದವರು ಎಂದು ಪತ್ರಿಕೆಯೊಂದು ಬರೆಯಿತು. ಚಿತಾಗಾರಕ್ಕೆ ನಾವು ಹತ್ತು ಹನ್ನೆರಡು ಮಂದಿ ಹೋಗಿದ್ದೆವು. ಸಂಪಾದಕ ದೊಡ್ಡ ಹೂಗುಚ್ಛ ತಂದಿದ್ದ. ಅಪ್ರಕಟಿತವಾದದ್ದು ಏನಾದರೂ ಉಳಿದಿದೆಯೇ ಎಂದು ನನ್ನನ್ನು ಬದಿಗೆ ಕರೆದು ವಿಚಾರಿಸಿದ.

ಬಾಗಿಲ ಹತ್ತಿರ, ತಲೆಗೆ ಬಟ್ಟೆ ಹೊದ್ದು, ಆ ಮಗಳು ನಿಂತಿದ್ದಳು. ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಸುದ್ದಿ ನೋಡಿ ಬಂದಿದ್ದಳಂತೆ. ಎಲ್ಲ ಮುಗಿದ ಮೇಲೆ ಟ್ರಾಮ್ ನಿಲ್ದಾಣದವರೆಗೆ ಅವಳ ಜೊತೆ ನಡೆದೆ. ತಾಯಿ ಹೇಗಿದ್ದಾರೆಂದು ಕೇಳಲು ಭಯವಾಯಿತು, ಆದರೂ ಕೇಳಿದೆ.

"ಇದ್ದಾಳೆ."

"ಮೌಶಿ ಸಿಕ್ಕಿದ್ದು ಅವರಿಗೆ ಹೇಳಿದಿರಾ?"

"ಇಲ್ಲ. ಇನ್ನೂ ಹುಡುಕುತ್ತಿದ್ದೇನೆ ಅಂತಲೇ ಹೇಳುತ್ತ ಬಂದಿದ್ದೇನೆ."

ಟ್ರಾಮ್ ಬರುವುದು ಕಾಣುತ್ತಿತ್ತು. "ಇನ್ನು ಮುಂದೆ?" ಎಂದೆ.

"ಇಂಡಿಯಾ ದೊಡ್ಡ ದೇಶ, ಹುಡುಕಲು ಸಮಯ ಬೇಕು ಅನ್ನುತ್ತೇನೆ" ಎಂದು ಹತ್ತಿ ಹೋದಳು.