ಬಗ್ಗಿದ ದಾರ

ಟೈಲ್ಸ್ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. ಕೋಪಕ್ಕಿಂತ ಒಂದು ತೂಕ ಹೆಚ್ಚಾಗಿ ಜಂಬ. ಎಡಗಣ್ಣು ಮುಚ್ಚಿ, ಕೆನ್ನೆಯನ್ನು ಗೋಡೆಗೆ ತಾಗಿಸಿ, ಬಲಗಣ್ಣಲ್ಲಿ ಒಂದು ಸಲ ಸಾಲು ನೋಡಿದನೆಂದರೆ ಮುಗಿಯಿತು, ಕೂದಲೆಳೆಯಷ್ಟು ಸೊಟ್ಟವೂ ಸಿಕ್ಕಿಬೀಳಬೇಕು. ನಲವತ್ತು ವರ್ಷ ಹೀಗೆಯೇ ನೋಡಿದ್ದ. ಸೊಟ್ಟ ಕಂಡದ್ದನ್ನು ಸುತ್ತಿಗೆಯಲ್ಲಿ ಒಡೆದು ಹಾಕುವುದು ಅವನ ಪದ್ಧತಿ. ತಾನು ಹಾಕಿದ್ದಾದರೂ ಅಷ್ಟೇ, ಜೊತೆಗೆ ದುಡಿಯುವ ಮಗಳು ಹಾಕಿದ್ದಾದರೂ ಅಷ್ಟೇ.

ಆ ದಿನ ಮಗಳು ಅಡುಗೆಮನೆಯ ಗೋಡೆಗೆ ಬಿಳಿ ಟೈಲ್ಸ್ ಹತ್ತಿಸಿದ್ದಳು. ಮೇಸ್ತ್ರಿ ಬಂದು ಎಡಗಣ್ಣು ಮುಚ್ಚಿದ.

"ಸಾಲು ನಡುವೆ ಉಬ್ಬಿ ಹೊಟ್ಟೆ ಬಂದಿದೆ," ಎಂದವನೇ ಒಡೆದ.

ಅವಳು ಮತ್ತೆ ಹತ್ತಿಸಿದಳು. ಮತ್ತೆ ಹೊಟ್ಟೆ, ಮತ್ತೆ ಸುತ್ತಿಗೆ. ಮೂರನೇ ಸಲ ಹತ್ತಿಸುವಷ್ಟರಲ್ಲಿ ಅವಳಿಗೂ ರೇಗಿತು. ಎಷ್ಟಾದರೂ ಅಪ್ಪನ ಮಗಳೇ ತಾನೆ. ಈ ತುದಿಗೊಂದು ಆ ತುದಿಗೊಂದು ಮೊಳೆ ಹೊಡೆದು, ಸಾಲಿನುದ್ದಕ್ಕೂ ದಾರ ಎಳೆದು ಕಟ್ಟಿ, ಬೆರಳಲ್ಲಿ ಮೀಟಿದಳು. ದಾರ ಝುಂಯ್ ಎಂದಿತು.

"ಈಗ ನೋಡಪ್ಪ."

ಮೇಸ್ತ್ರಿ ನೋಡಿದ. "ದಾರಾನೇ ಬಗ್ಗಿದೆ ಕಣೇ!"

"ಎಳೆದು ಕಟ್ಟಿದ ದಾರ ಬಗ್ಗುತ್ತಾ?"

ಬಗ್ಗುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಗಳು ಹತ್ತಿರ ಬಂದು ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಎಡಗಣ್ಣಿಗೆ ದಾರ ನೆಟ್ಟಗಿತ್ತು. ಟೈಲ್ಸೂ ನೆಟ್ಟಗಿತ್ತು.

ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಗುತ್ತಿಗೆದಾರ ಲೊಚಗುಟ್ಟಿದ. "ಸಾಕು ಮೇಸ್ತ್ರಿ, ಮನೇಲಿ ಕೂತ್ಕೋ. ಮಗಳು ನೋಡ್ಕೋತಾಳೆ."

"ಕೂತ್ಕೊಳ್ಳೋ ಕೆಲಸ ನನಗೆ ಬರಲ್ಲ. ಬರೋ ಕೆಲಸ ಇದೊಂದೇ," ಎಂದು ಮೇಸ್ತ್ರಿ ಗುಡುಗಿದ. ಒಳಗೊಳಗೇ ಹೆದರಿದ್ದ. ಕಣ್ಣು ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಅವನಲ್ಲಿ ಉಳಿಯುವುದು ಕೋಪ ಮಾತ್ರ. ಅದನ್ನು ಕಟ್ಟಿಕೊಂಡು ಯಾರು ಬಾಳುತ್ತಾರೆ?

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಚೌಕಳಿ ಗೆರೆಗಳ ಹಾಳೆಯೊಂದನ್ನು ಅವನ ಕೈಗಿತ್ತಳು. "ಎಡಗಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿ. ಏನು ಕಾಣುತ್ತೆ?"

"ಈ ನೆಲ ಯಾವ ದಡ್ಡ ಹಾಕಿದ್ದಮ್ಮ? ನಡುವೆ ಪೂರ್ತಿ ಅಲೆ ಅಲೆ."

ಡಾಕ್ಟರಮ್ಮ ನಕ್ಕಳು. ಆದರೆ ಹನಿ ಹಾಕಿ ಪಾಪೆ ಅಗಲಿಸಿ ನೋಡಿ, ಸ್ಕ್ಯಾನ್ ತೆಗೆದ ಮೇಲೆ ನಗಲಿಲ್ಲ. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂತ ಪರದೆ ಇರುತ್ತದೆ, ಅದರ ನಟ್ಟನಡುವೆ, ಕೆಳಗಿನಿಂದ, ಬೇಡದ ರಕ್ತನಾಳಗಳು ಹುಟ್ಟಿ ಸೋರುತ್ತಿವೆ ಎಂದಳು.

"ಟೈಲ್ಸ್ ಕೆಳಗೆ ನೀರು ಇಳಿದು ಉಬ್ಬಿದ ಹಾಗೆ," ಎಂದ ಮೇಸ್ತ್ರಿ.

"ಅದೇ. ಸೋರೋದು ನಿಲ್ಲಿಸೋಕೆ ಕಣ್ಣಿಗೆ ಇಂಜೆಕ್ಷನ್ ಕೊಡಬೇಕು. ಸದ್ಯಕ್ಕೆ ತಿಂಗಳಿಗೊಂದು. ಹೋದ ದೃಷ್ಟಿ ಪೂರ್ತಿ ಬರದೇ ಇರಬಹುದು, ಇರೋದನ್ನ ಉಳಿಸ್ಕೋಬಹುದು. ತಡ ಮಾಡಬೇಡಿ. ಸಿಗರೇಟು ಬಿಡಿ."

ಸಿಗರೇಟಿನ ಮಾತಿಗೆ ಮೇಸ್ತ್ರಿ ಮುಖ ಸಿಂಡರಿಸಿದ. ಬಿಟ್ಟನಂತೂ ನಿಜ, ಆದರೆ ಆ ತಿಂಗಳು ಮನೆಯಲ್ಲಿ ಯಾರೂ ಅವನ ಹತ್ತಿರ ಸುಳಿಯುವಂತಿರಲಿಲ್ಲ.

ಸುದ್ದಿ ಕೇಳಿ ಹೆಂಡತಿಯ ತಮ್ಮ ಓಡಿಬಂದ. ಊರಿಗೆಲ್ಲ ಬುದ್ಧಿ ಹೇಳುವುದು ಅವನ ಕಸುಬು. "ಕಣ್ಣಿಗೆ ಸೂಜಿನಾ ಭಾವ? ಇರೋ ಕಣ್ಣೂ ಕಳ್ಕೋತೀಯ. ವಯಸ್ಸಾಯ್ತು ಅಷ್ಟೇ, ಒಂದು ಕನ್ನಡಕ ಹಾಕ್ಸು."

"ಸೋರೋ ಗೋಡೆಗೆ ಮೇಲಿಂದ ಬಣ್ಣ ಬಳಿದ್ರೆ ಸೋರೋದು ನಿಲ್ಲುತ್ತೇನೋ?" ಎಂದು ಮೇಸ್ತ್ರಿ ಎಗರಿದ. "ನೀನು ಬಳ್ಕೊಂಡಿರು. ನಾನು ಹೋಗ್ತೀನಿ."

ಹೋದ. ಮೊದಲ ಸಲ ಮಂಚದ ಕಂಬಿಯನ್ನು ಮುರಿಯುವ ಹಾಗೆ ಹಿಡಿದಿದ್ದ. ಮರಗಟ್ಟಿಸುವ ಹನಿ ಹಾಕಿದರು, ತೊಳೆದರು, ಒಂದು ಚಣ ಯಾರೋ ಬೆರಳಿಂದ ಒತ್ತಿದಂತಾಯಿತು.

"ಆಯ್ತು," ಎಂದಳು ಡಾಕ್ಟರಮ್ಮ. "ಕಣ್ಣು ನೋವು ಬಂದ್ರೆ, ಕೆಂಪಾದ್ರೆ, ಮಂಜಾದ್ರೆ ತಕ್ಷಣ ಬರಬೇಕು."

"ಇಷ್ಟೇನಾ? ಇದಕ್ಕಾ ಆ ಭಾಮೈದ ಅಷ್ಟು ಅರಚಿದ್ದು?"

ಮೂರು ಇಂಜೆಕ್ಷನ್ ಆದವು. ದಿನಾ ಬೆಳಿಗ್ಗೆ ಬಚ್ಚಲಿನ ಗೋಡೆಯ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ಗೆರೆ ನೋಡುತ್ತಿದ್ದ. ಬಲಗಣ್ಣಿಗೆ ಕಾಣುತ್ತಿದ್ದ ಹೊಟ್ಟೆ ಇಳಿದಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. ಅವನು ಅದನ್ನು ಬಾಯಿತುಂಬ ಬೈದು ಹಲ್ಲುಜ್ಜುತ್ತಿದ್ದ.

ನಾಲ್ಕನೇ ಇಂಜೆಕ್ಷನ್ನಿನ ಹಿಂದಿನ ದಿನ, ಡಾಕ್ಟರಮ್ಮನ ಒಪ್ಪಿಗೆ ಪಡೆದು ಕೆಲಸಕ್ಕೆ ಹೋದ. ಹೊಸ ಕಟ್ಟಡ, ಅದೇ ಗುತ್ತಿಗೆದಾರ. ಮಗಳು ಮೆಟ್ಟಿಲ ಪಕ್ಕದ ಗೋಡೆಗೆ ಉದ್ದನೆಯ ಸಾಲು ಹತ್ತಿಸಿ ಮುಗಿಸಿದ್ದಳು. ಮೇಸ್ತ್ರಿ ಕೆನ್ನೆ ತಾಗಿಸಿದ. ನಲವತ್ತು ವರ್ಷದ ಅಭ್ಯಾಸ, ಎಡಗಣ್ಣು ತಾನಾಗಿ ಮುಚ್ಚಿತು. ನಡುವೆ ಸಣ್ಣ ಹೊಟ್ಟೆ. ಕೈ ಸುತ್ತಿಗೆಗೆ ಹೋಯಿತು.

ಮೇಸ್ತ್ರಿ ನಿಧಾನವಾಗಿ ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದ. ಬಹಳ ಹೊತ್ತು ನೋಡಿದ.

"ನೆಟ್ಟಗಿದೆ."

"ಯಾವ ಕಣ್ಣು ಹೇಳ್ತಿರೋದು?" ಗುತ್ತಿಗೆದಾರ ಕೊಂಕು ನುಡಿದ.

"ಬಲಗಣ್ಣಿಗೆ ಇವತ್ತೂ ಸೊಟ್ಟಾನೇ. ಕಾಣಲಿ, ಅದರ ಮಾತು ಇನ್ಮೇಲೆ ನಾನು ಕೇಳಲ್ಲ. ಇವಳ ಸಾಲು ಎರಡು ಸಲ ಒಡೆದೆನಲ್ಲ, ಎರಡು ಸಲಾನೂ ಅದು ನೆಟ್ಟಗೇ ಇತ್ತು." ಮಗಳಿಗೆ ಸುತ್ತಿಗೆ ಕೊಟ್ಟ. "ಇನ್ನು ಒಡೆಯೋದಿದ್ರೆ ನೀನು ಒಡಿ. ನನ್ನದಾದ್ರೂ ಒಡಿ."

ಅಪ್ಪ ತಪ್ಪೊಪ್ಪಿಕೊಂಡದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೇಸ್ತ್ರಿ ಗುತ್ತಿಗೆದಾರನ ಕಡೆ ತಿರುಗಿದ. "ನಾಳೆ ಸೂಜಿ ಇದೆ. ಅದಾದ್ಮೇಲೆ ಒಂದು ವಾರ ಧೂಳಿಗೆ ಬರೋ ಹಾಗಿಲ್ಲ. ಎಂಟನೇ ದಿನ ಬರ್ತೀನಿ. ಬರ್ತೀನಿ ಅಂದೆ, ಕೇಳಿಸ್ತಾ?"