ಬಳೆ ಅಂಗಡಿಯ ಗಿಟಾರ್

ಹೊನ್ನಾಳಿಯ ಬಳೆಗಾರರೊಬ್ಬರು ಹಿಂದೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ಅಂಗಡಿಯಲ್ಲಿ ಬಳೆಗಳ ನಡುವೆ ಕೆಂಪು ಎಲೆಕ್ಟ್ರಿಕ್ ಗಿಟಾರೊಂದು ನೇತಾಡುತ್ತಿತ್ತು. ಕಲಿಯುವವರಿಗೆಂದೇ ಮಾಡಿದ, ಕತ್ತು ಗಿಡ್ಡಗಿದ್ದ ಹಳೇ ಮಾಲು. ಮಾರಾಟಕ್ಕಿದೆ ಎಂದು ಕೇಳಿ ಹೋದೆ. ಹಳೇ ಸಾಮಾನು ಕೊಂಡು ಮಾರುವುದೇ ನನ್ನ ಕಸುಬು.

ರೂಢಿಯಂತೆ ಮೊದಲು ಹುಳುಕು ತೆಗೆದು ಕಡಿಮೆ ಬೆಲೆಗೆ ಕೇಳಿದೆ. "ಬಣ್ಣ ಹೋಗೈತಲ್ರೀ."

"ಕೈ ತೋರ್ಸ್ರಿ" ಎಂದರು. ಬಳೆ ತೊಡಿಸುವಾಗಿನಂತೆ ನನ್ನ ಬೆರಳುಗಳನ್ನು ಕೂಡಿಸಿ ಒತ್ತಿ ನೋಡಿ, "ಸೌದೆ ಒಡೆಯೋ ಕೈ. ಇದಕ್ಕಾಗಲ್ಲ" ಎಂದರು.

"ನುಡ್ಸಾಕಲ್ರೀ, ಮಾರಾಕೆ."

"ಹಂಗಾದ್ರೆ ನುಡ್ಸೋರನ್ನ ಕರ್ಕೊಂಡ್ ಬರ್ರಿ."

ಮತ್ತೆರಡು ಸಲ ಹೋಗಿ ಬೆಲೆ ಏರಿಸಿದೆ. ಅದೇ ಮಾತು. ನಾಲ್ಕನೇ ಸಲ ಬಳೆಗೆಂದು ನನ್ನ ಹೆಂಡತಿಯೂ ಬಂದಿದ್ದಳು. ಅವಳ ಬೆರಳು ಒತ್ತಿ ನೋಡಿದವರು ಬಳೆಯನ್ನು ಪಕ್ಕಕ್ಕಿಟ್ಟು ಗಿಟಾರ್ ಇಳಿಸಿದರು. "ತಂಗೀ, ಇದನ್ನ ಒಂಚೂರು ಹಿಡಿಯಮ್ಮ." ಅವಳು ತಂತಿ ಮೀಟಿದಳು, ನಕ್ಕಳು, ಮತ್ತೆ ಮೀಟಿದಳು.

ನಾನು ಮೊದಲ ದಿನ ಕೇಳಿದ್ದ ಬೆಲೆಗೇ ಕೊಟ್ಟರು. ಕೊಳ್ಳಲು ಹೋಗುವವರಿಗೆ ನನ್ನದೊಂದು ಸಲಹೆ: ಮಾರುವವರು ನಿಮ್ಮಲ್ಲಿ ಏನು ನೋಡುತ್ತಿದ್ದಾರೆಂದು ಮೊದಲು ತಿಳಿಯಿರಿ. ಆ ಗಿಟಾರಿಗೆ ಈಗ ನಾನೇ ಗಿರಾಕಿ ಕರೆತಂದರೂ ಹೆಂಡತಿ, "ಕೈ ತೋರ್ಸ್ರಿ" ಅನ್ನುತ್ತಾಳೆ.