ಗೀಸರಿನ ಬಾಯಿ ಮುಚ್ಚಿದವನು

ರಿಪೇರಿಯವರನ್ನು ಕಂಡರೆ ನನಗೆ ಅನುಮಾನ. ನಿಜ ಹೇಳಬೇಕೆಂದರೆ ಎಲ್ಲರನ್ನು ಕಂಡರೂ ಅನುಮಾನವೇ, ರಿಪೇರಿಯವರನ್ನು ಕಂಡರೆ ಒಂದು ಕೈ ಹೆಚ್ಚು. ಇದು ಭೀಮನಬೀಡಿನ ನಮ್ಮಪ್ಪನಿಂದ ಬಂದದ್ದು. ಟೊಮೆಟೊ ತೂಗಿಸುವಾಗ ಅವರು ತಕ್ಕಡಿಯನ್ನು ನೋಡುತ್ತಿರಲಿಲ್ಲ, ತೂಗುವವನ ಕಾಲು ತಟ್ಟೆಗೆ ತಾಗುತ್ತದೆಯೇ ಎಂದು ನೋಡುತ್ತಿದ್ದರು.

ಗುಂಡ್ಲುಪೇಟೆಯ ನಮ್ಮ ಮನೆಯ ಗೀಸರ್ ಒಂದು ದಿನ ಸೋರಲು ಶುರುವಾಯಿತು. ತಳದ ಪೈಪಿಗೆ ಕೂರಿಸಿದ್ದ ಹಿತ್ತಾಳೆಯ ವಾಲ್ವಿಗೆ ಒಂದು ಸಣ್ಣ ಬಾಯಿ. ನೀರು ಕಾಯುವಾಗಲೆಲ್ಲ ಅಲ್ಲಿಂದ ಹನಿ ಬೀಳುತ್ತಿತ್ತು. ಹೆಂಡತಿಗೆ ಕೆಲಸ ಚಾಮರಾಜನಗರದಲ್ಲಿ. ಅವಳು ಅಲ್ಲಿಂದಲೇ ಫೋನ್ ಮಾಡಿ, ಬಸ್‌ಸ್ಟ್ಯಾಂಡ್ ಹಿಂದಿನ ಅಂಗಡಿಯ ಮೆಕ್ಯಾನಿಕ್‌ನನ್ನು ಮನೆಗೆ ಕಳಿಸಿದಳು. ರಜೆಯಲ್ಲಿದ್ದ ನಾನು, ಆತ ಬರುವಷ್ಟರಲ್ಲಿ ಅವಳ ಉಗುರುಬಣ್ಣದಿಂದ ವಾಲ್ವಿನ ಹಿಂಬದಿಗೆ ಒಂದು ಕೆಂಪು ಚುಕ್ಕೆ ಇಟ್ಟೆ. ಒಳ್ಳೆಯದನ್ನು ಬಿಚ್ಚಿಕೊಂಡು ಹಳೆಯದನ್ನು ಹಾಕಿ ಹೋದರೆ ಗೊತ್ತಾಗಬೇಕಲ್ಲ.

ಆತನಿಗೆ ಐವತ್ತರ ಹತ್ತಿರ ವಯಸ್ಸು, ಕೋಪ ಮೂಗಿನ ತುದಿಯಲ್ಲೇ. ನಾನು ಬಚ್ಚಲ ಬಾಗಿಲಲ್ಲಿ ಟಾರ್ಚ್ ಹಿಡಿದು ನಿಂತೆ. ನಡುವೆ ಅವನ ಮನೆಯಿಂದ ಫೋನ್ ಬಂತು. ಉರ್ದುವಿನಲ್ಲಿ ಎರಡು ಮಾತಾಡಿ ನಕ್ಕ. ನನ್ನ ಬಗ್ಗೆಯೇ ಇರಬೇಕು ಅಂದುಕೊಂಡೆ. ಆಮೇಲೆ ವಾಲ್ವಿನ ಹಿಂದೆ ಕೈಯಾಡಿಸಿದವನು ಚುಕ್ಕೆಯ ಮೇಲೆ ಬೆರಳಿಟ್ಟ.

"ಇದೇನ್ ಸಾರ್, ಗುರ್ತಾ?"

"ಮೊದಲೇ ಇತ್ತು," ಅಂದೆ.

"ಇರ್ಲಿ ಬುಡಿ. ಗೀಸರ್‌ಗೆ ಏನೂ ಆಗಿಲ್ಲ. ನೀರು ಕಾದ್ರೆ ಉಬ್ತದೆ, ಒಳ್ಗೆ ಜಾಗ ಸಾಲ್ದೆ ಈ ಬಾಯಲ್ಲಿ ಹನಿ ಹನಿಯಾಗಿ ಆಚ್ಗೆ ಬತ್ತದೆ. ಬರ್ಬೇಕು. ಕೆಳ್ಗೊಂದು ಬಕೆಟ್ ಇಟ್ಕಳಿ. ಇದ್ನ ಮಾತ್ರ ಮುಚ್ಬ್ಯಾಡಿ."

ಕಾಸೂ ಕೇಳದೆ ಹೊರಟುಬಿಟ್ಟ. ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಕಾಸು ಕೇಳದ ಮೆಕ್ಯಾನಿಕ್ ಎಲ್ಲಾದರೂ ಉಂಟೇ? ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಕೆಲಸ ಬಾರದು, ಅದಕ್ಕೇ ಸೋರುವುದೇ ಸರಿ ಎಂದು ಶಾಸ್ತ್ರ ಹೇಳಿ ಹೋಗಿದ್ದಾನೆ. ಮಧ್ಯಾಹ್ನವೇ ಹಾರ್ಡ್‌ವೇರ್ ಅಂಗಡಿಯಿಂದ ಕಲಸಿ ಬಳಿಯುವ ಸೀಲ್ ತಂದು ಆ ಬಾಯಿಗೆ ಮೆತ್ತಿದೆ. ಹನಿ ನಿಂತಿತು. ಸಂಜೆ ಬಂದ ಹೆಂಡತಿ, "ಪರವಾಗಿಲ್ವೆ, ಒಳ್ಳೆ ಕೆಲ್ಸ ಮಾಡವ್ನೆ," ಅಂದಳು. ನಾನು ತಿದ್ದಲಿಲ್ಲ. ನಾನೇ ಮಾಡಿದ್ದು ಅಂದರೆ ನಿಮಗೇನು ಗೊತ್ತು ಎಂದು ಶುರುಮಾಡುತ್ತಿದ್ದಳು.

ಮರುದಿನದಿಂದ ಗೀಸರ್ ಒಳಗೆ ಗುಡುಗುಡು ಸದ್ದು. ಮತ್ತೆ ಕರೆಸಲಿ ಎಂದು ಅವನೇ ಏನೋ ಸಡಿಲ ಮಾಡಿ ಹೋಗಿದ್ದಾನೆ ಅಂದುಕೊಂಡೆ.

ಐದನೆಯ ದಿನ ಸ್ನಾನಕ್ಕೆ ಹೋದ ಹೆಂಡತಿ ಕಿರುಚಿಕೊಂಡಳು. ನಲ್ಲಿ ಮುಟ್ಟಿದ ಕೈಗೆ ಶಾಕ್ ಹೊಡೆದಿತ್ತು. ಗೀಸರಿನ ತಳದಿಂದ ನೀರು ಧಾರೆಯಾಗಿ ವೈರುಗಳ ಮೇಲೆ ಇಳಿಯುತ್ತಿತ್ತು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಅವಳು ಟವೆಲ್ ಸುತ್ತಿಕೊಂಡು ಗೋಡೆಗೊರಗಿ ಕೈ ಉಜ್ಜಿಕೊಳ್ಳುತ್ತಿದ್ದಳು.

ಅದೇ ಮೆಕ್ಯಾನಿಕ್ ಬಂದ. ತಳ ಬಿಚ್ಚಿದ, ವಾಲ್ವ್ ತಡವಿದ.

"ಇದ್ರ ಬಾಯ್ನ ಯಾರೋ ಮುಚ್ಚವ್ರೆ. ಒತ್ತಡ ತಡೀನಾರ್ದೆ ವಾಷರ್ ಕಿತ್ಕಂಡದೆ. ಅದು ಕಿತ್ಕಂಡಿದ್ದೇ ಪುಣ್ಯ, ಇಲ್ದಿದ್ರೆ ಟ್ಯಾಂಕೇ ಸಿಡೀತಿತ್ತು."

"ಮುಚ್ಚಿದವ್ರು ನೀವೇ ಅಲ್ವಾ?" ಹೆಂಡತಿ ಕೂಗಾಡಿದಳು. "ಓದ್ ವಾರ ಬಂದಿದ್ದವ್ರು ನೀವೇ ತಾನೆ? ನಾನು ಸತ್ತೋಗಿದ್ರೆ?"

ಆತ ನನ್ನ ಮುಖ ನೋಡಿದ. ನಾನು ಗೋಡೆಯ ಟೈಲ್ಸ್ ನೋಡಿದೆ. ಅವನು ಬಾಯಿಬಿಡಲಿಲ್ಲ. ಬೈಗುಳ ಕೇಳುತ್ತಲೇ ಸೀಲ್ ಕೆರೆದು ತೆಗೆದ, ಹೊಸ ವಾಷರ್ ಹಾಕಿದ, ವೈರು ಬದಲಿಸಿದ.

ಗೇಟಿನ ತನಕ ಅವನ ಹಿಂದೆ ಹೋದೆ. "ಹೇಳಿಬಿಡಬಹುದಿತ್ತಲ್ಲಪ್ಪ," ಅಂದೆ.

"ಏಳ್ಬುಟ್ರೆ ಏನಾಯ್ತದೆ ಸಾರ್? ನನ್ನ ಬೈದ್ರೆ ಇವತ್ಗೆ ಮುಗೀತದೆ. ಕಟ್ಕಂಡವ್ನ ಮ್ಯಾಲೇ ಅನ್ಮಾನ ಬಂದ್ರೆ ಆಯಮ್ಮ ಈ ಮನೇಲಿ ನೀರ್ ಉಯ್ಕಳದ್ ಎಂಗೆ?" ಅವನ ದನಿ ಏರಿತು. "ಚುಕ್ಕೆ ಇಡಕ್ಕೆ ಬತ್ತದೆ ನಿಮ್ಗೆ. ಏಳಿದ್ ಮಾತು ಕೇಳಕ್ಕೆ ಬರಲ್ಲ."

ಬೈಕ್ ಒದ್ದು ಹೊರಟುಹೋದ. ನನಗೆ ನಾಚಿಕೆಯಾಯಿತು. ಆದರೂ ಒಳಗೆ ಬಂದು ಏನೂ ಹೇಳಲಿಲ್ಲ.

ಎರಡು ವಾರ ಕಳೆದಿರಬೇಕು. ಪಕ್ಕದ ಮನೆಯಾಕೆ ಹೊಸ ಗೀಸರ್ ಕೂರಿಸಲು ಯಾರಿದ್ದಾರೆ ಎಂದು ವಿಚಾರಿಸಿಕೊಂಡು ಬಂದರು. "ಬಸ್‌ಸ್ಟ್ಯಾಂಡ್ ಹಿಂದ್ಲವ್ನ ಮಾತ್ರ ಕರೀಬ್ಯಾಡಿ ಕಣಕ್ಕ, ಜೀವ ತೆಗ್ದುಬುಡ್ತಾನೆ. ನಮ್ ಬೀದೀಲಿ ಎಲ್ರಿಗೂ ಏಳಿವ್ನಿ," ಅಂದಳು ಹೆಂಡತಿ. ಅವನ ಅನ್ನಕ್ಕೆ ನಾನು ಕಲ್ಲು ಹಾಕಿದ್ದೆ. ಇನ್ನು ತಡೆಯಲಾಗಲಿಲ್ಲ. ಪಕ್ಕದ ಮನೆಯಾಕೆಯ ಎದುರಿಗೇ, "ಬಾಯಿ ಮುಚ್ಚಿದ್ದು ನಾನು ಕಣೆ, ಅವನಲ್ಲ," ಅಂದೆ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದಳು, "ಇವತ್ತು ಏನೂ ಮುಟ್ಟಿಲ್ಲ ತಾನೆ?"

"ದೇವರಾಣೆ ಇಲ್ಲ."

ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ, ದೊಡ್ಡ ಪಾತ್ರೆಗೆ ನೀರು ತುಂಬಿ ಗ್ಯಾಸ್ ಮೇಲಿಟ್ಟಳು.